ಗೆಳತಿಯ ಊರಿನ ಕಲ್ಲುಕಮಾನು

ಕುವೈತಿನಲ್ಲಿ ಬೆಟ್ಟ ಹತ್ತಲು ಹೋಗುತ್ತೇನೆ ಎಂದರೆ ಊರಿನವರು ನಗುತ್ತಾರೆ. ನಗುವಂಥದ್ದೇ. ಇರುವುದು ಮುತ್ಲಾ ಒಂದೇ. ಕೊಲ್ಲಿಯ ಉತ್ತರಕ್ಕೆ, ಮರಳುಗಾಡು ಇದ್ದಕ್ಕಿದ್ದಂತೆ ಮುರಿದು ಕಡಲಿನತ್ತ ಇಳಿಯುವ ಉದ್ದನೆಯ ದಿಣ್ಣೆ ಅದು. ಸಂಡೂರಿನ ಗುಡ್ಡಗಳ ನಡುವೆ ಬೆಳೆದ ನನಗೆ ಅದನ್ನು ಬೆಟ್ಟ ಅನ್ನಲು ಬಾಯಿ ಬರುತ್ತಿರಲಿಲ್ಲ. ಆದರೂ ಕೆಲವು ವರ್ಷ ಚಳಿಗಾಲದ ಶುಕ್ರವಾರಗಳನ್ನೆಲ್ಲ ಅಲ್ಲೇ ಕಳೆದಿದ್ದೇನೆ.

ಕರೆದುಕೊಂಡು ಹೋಗುತ್ತಿದ್ದವಳು ನಮ್ಮ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್, ಲೆಬನಾನಿನವಳು. ನಾನು ಅಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ನಾನು ತೆಗೆದ ಮೊಣಕಾಲು, ಸೊಂಟಗಳ ಚಿತ್ರಗಳು ಅವಳ ಕೋಣೆಗೆ ಹೋಗುತ್ತಿದ್ದವು, ಪರಿಚಯವಾದದ್ದು ಹಾಗೆ. ನನಗಿಂತ ಸುಮಾರು ದೊಡ್ಡವಳು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಊರಿಗೆ ಹೋದವಳಲ್ಲ. ಅಲ್ಲಿ ಈಗ ಉಳಿದವನು ತಮ್ಮ ಮಾತ್ರ. ಶುಕ್ರವಾರ ಅವಳ ಹಳೇ ಕಾರು ಫರ್ವಾನಿಯಾದ ನಮ್ಮ ಬಿಲ್ಡಿಂಗಿನ ಕೆಳಗೆ ಬಂದು ಹಾರ್ನ್ ಮಾಡಿದರೆ, ನಾನು ಮಕ್ಕಳಿಗೆ ಉಪ್ಪಿಟ್ಟು ಮುಚ್ಚಿಟ್ಟು ಇಳಿಯುತ್ತಿದ್ದೆ.

“ಅಲ್ಲೇನೈತಂತ ಹೋಗ್ತೀರಿ ನೀವಿಬ್ರೂ?” ಎಂದು ನನ್ನ ಗಂಡ ಹಾಸಿಗೆಯಿಂದಲೇ ಕೇಳುತ್ತಿದ್ದರು.

ಏನೂ ಇರಲಿಲ್ಲ. ಬಿಳಿಚಿದ ಕಲ್ಲು, ಡೇರೆ ಹಾಕಿ ಹೋದವರು ಬಿಟ್ಟ ಪ್ಲಾಸ್ಟಿಕ್, ಮಳೆ ಬಿದ್ದ ವರ್ಷ ಒಂದಿಷ್ಟು ಹಳದಿ ಹೂವಿನ ಪೊದೆ. ಹೊಳೆಯುವ ಲೋಹದ ಚೂರು ಕಂಡರೆ ಮುಟ್ಟಬೇಡ, ಯುದ್ಧದ ಕಾಲದ್ದಿರಬಹುದು ಎಂದು ಮೊದಲ ದಿನವೇ ಹೇಳಿದ್ದಳು. ಇಳಿಜಾರಿನಲ್ಲಿ ಹಿಮ್ಮಡಿ ಹೇಗೂರಬೇಕು, ಸಡಿಲ ಕಲ್ಲನ್ನು ಹೇಗೆ ಗುರುತಿಸಬೇಕು ಎಂದು ಕಲಿಸಿದವಳೂ ಅವಳೇ. ತುದಿ ಸೇರಿ, ಕೊಲ್ಲಿಯಾಚೆ ನಗರದ ಗೋಪುರಗಳು ಧೂಳಿನಲ್ಲಿ ತೇಲುವುದನ್ನು ನೋಡುತ್ತಾ ಕೂತರೆ ಅವಳ ಬಾಯಲ್ಲಿ ಊರೇ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ನಡುನಡುವೆ ಅವಳ ಅರಬ್ಬಿ; ನನ್ನನ್ನು ಪ್ರೀತಿಯಿಂದ ಕರೆಯುತ್ತಿದ್ದದ್ದೂ ಅದರಲ್ಲೇ.

“ಹಬೀಬ್ತಿ, ಇದು ನಮ್ಮನೆ ಹಿತ್ತಿಲಿನ ಒಂದು ಮೆಟ್ಟಿಲಷ್ಟೂ ಇಲ್ಲ,” ಅನ್ನುತ್ತಿದ್ದಳು.

ಅವಳ ಊರು ಮೆಡಿಟರೇನಿಯನ್ ಕಡಲಿಗೆ ಎದುರಾದ ಬೆಟ್ಟದ ನೆತ್ತಿಯ ಮೇಲಿತ್ತು. ಮನೆಯಿಂದ ಕಡಲಿಗೆ ಒಂದು ಹಳೆಯ ಕಾಲುದಾರಿ. ಆಲಿವ್ ತೋಟ ದಾಟಿ, ಒಂದು ಗುಹೆಯ ಪಕ್ಕ ಹಾದು, ಕಣಿವೆಯ ಮೇಲೆ ತಾನಾಗಿ ಬಾಗಿ ನಿಂತ ಕಲ್ಲಿನ ಕಮಾನಿನ ಕೆಳಗೆ ಇಳಿಯುತ್ತದೆ. ಆ ಕಮಾನಿನೊಳಗಿಂದ ಕಡಲು ಕಿಟಕಿಯಷ್ಟೇ ಕಾಣುತ್ತದೆ. ಚಿಕ್ಕವಳಿದ್ದಾಗ ಅವಳು ಕಡಲೆಂದರೆ ಅಷ್ಟೇ ಎಂದುಕೊಂಡಿದ್ದಳಂತೆ. ಕೆಳಗಿಳಿದು ಇಡೀ ಕಡಲು ಕಂಡ ದಿನ ಹೆದರಿ ಅತ್ತಳಂತೆ. ಎಷ್ಟು ಸಲ ಕೇಳಿದ್ದೆನೆಂದರೆ ಆ ದಾರಿ ನನಗೆ ಬಾಯಿಪಾಠವಾಗಿತ್ತು.

ಲೆಬನಾನಿನ ಗಲಾಟೆ ಸ್ವಲ್ಪ ತಣ್ಣಗಾದ ವರ್ಷ ಅವಳೇ ಕರೆದಳು. “ನೀನು ಬಂದರೆ ನಾನೂ ಹೋಗುತ್ತೇನೆ. ಒಬ್ಬಳೇ ಆ ಮನೆಗೆ ಕಾಲಿಡಲು ನನ್ನಿಂದಾಗದು.” ಆ ವರ್ಷ ನಾನು ರಜೆಯಲ್ಲಿ ಸಂಡೂರಿಗೆ ಹೋಗಲಿಲ್ಲ. ಅತ್ತೆ ಮಾತು ಬಿಟ್ಟರು. ಮಗಳು ಮಾತ್ರ “ಗೋ, ಮಮ್ಮಿ,” ಅಂದಳು.

ಬೈರೂತಿನಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಮೇಲಕ್ಕೆ ಹೋದೆವು. ತಿರುವು ತಿರುವಿಗೂ ಅವಳು ಚಿಕ್ಕ ಹುಡುಗಿಯಾಗುತ್ತಿದ್ದಳು. ಅವಳ ತಮ್ಮ ಬಾಗಿಲಲ್ಲೇ ನಿಂತಿದ್ದ. ಅಕ್ಕನನ್ನು ಅಪ್ಪಿಕೊಂಡ, ನನಗೆ ಕಾಫಿ ಕೊಟ್ಟ, ಹೆಂಡತಿಯಿಂದ ಮೇಜಿನ ತುಂಬ ಊಟ ಇಡಿಸಿದ. ಬೆಳಿಗ್ಗೆ ಕಮಾನಿಗೆ ಹೋಗುತ್ತೇವೆ ಎಂದಾಗ, “ದಾರಿ ಕೆಟ್ಟಿದೆ. ಸೀಡರ್ ಮರಗಳನ್ನು ತೋರಿಸಿ ಕರೆತರುತ್ತೇನೆ, ಕಾರಲ್ಲೇ ಹೋಗಬಹುದು,” ಅಂದ. ಅವಳು ನಕ್ಕುಬಿಟ್ಟಳು. “ಕೆಟ್ಟ ದಾರಿಯೇ ಬೇಕು ನಮಗೆ. ಇವಳನ್ನು ಮುತ್ಲಾದಲ್ಲಿ ತಯಾರು ಮಾಡಿದ್ದೇನೆ.” ಅವನು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದ.

ಬೆಳಿಗ್ಗೆ ಹೊರಟೆವು. ದಾರಿಯ ಮೊದಲ ಭಾಗ ಅವಳು ಹೇಳಿದ ಹಾಗೇ ಇತ್ತು. ಮೆಟ್ಟಿಲು ಮೆಟ್ಟಿಲಾದ ತೋಟಗಳು, ಕಾಂಡ ತಿರುಚಿಕೊಂಡ ಆಲಿವ್ ಮರಗಳು, ಕಾಲಡಿ ನುರಿದರೆ ಓಮದಂತೆ ಘಾಟು ಬರುವ ಕಾಡುಸೊಪ್ಪು. ಗುಹೆಯೊಳಗೆ ಕತ್ತು ಬಗ್ಗಿಸಿ ಹೊಕ್ಕೆವು. ತಣ್ಣಗೆ ನೀರು ಒಂದೇ ಸಮ ತೊಟ್ಟಿಕ್ಕುತ್ತಿತ್ತು. ಅವಳು ಬೊಗಸೆ ಹಿಡಿದು ಮುಖ ತೊಳೆದುಕೊಂಡಳು. ಅವಳು ಅಷ್ಟು ಸುಖವಾಗಿದ್ದುದನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಗುಹೆಯಿಂದ ಕೆಳಗೆ ಅಂಜೂರದ ಎಲೆಗಳ ಮೇಲೆ ಬಿಳಿ ಧೂಳು ಕಂಡಿತು. ನಾವು ಚಿಕ್ಕವರಿದ್ದಾಗ ಸಂಡೂರಿನಲ್ಲಿ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿದ್ದೆವು. ಒಣಹಾಕಿದ ಬಟ್ಟೆಯ ಮೇಲೆ, ಮೊಸರಿನ ಕೆನೆಯ ಮೇಲೆ, ಹುಣಸೆಮರದ ಎಲೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಇಲ್ಲಿ ಬಣ್ಣವಷ್ಟೇ ಬೇರೆ. ಒಂದು ಎಲೆಯನ್ನು ಬೆರಳಿನಿಂದ ಒರೆಸಿ ನೋಡಿದೆ.

“ಇಲ್ಲಿ ಹತ್ತಿರ ಎಲ್ಲಾದರೂ ಕಲ್ಲು ಒಡೆಯುತ್ತಾರಾ?” ಎಂದು ಕೇಳಿದೆ.

“ಇಲ್ಲವಲ್ಲ. ಸುಣ್ಣಕಲ್ಲಿನ ಮಣ್ಣು, ಬೇಸಿಗೆಯಲ್ಲಿ ಹೀಗೇ ಹಾರುತ್ತದೆ,” ಅಂದಳು. ಹಾಗಂದವಳು ನಡಿಗೆ ಬಿರುಸು ಮಾಡಿದಳು.

ಓಕ್ ಮರಗಳ ಗುಂಪು ದಾಟಿದರೆ ಕಮಾನು ಎಂದಿದ್ದಳು. ದಾಟಿದೆವು. ತಂತಿಬೇಲಿ ಇತ್ತು. ಬೇಲಿಯಾಚೆ ದಾರಿ ಇರಲಿಲ್ಲ, ನೆಲವೇ ಇರಲಿಲ್ಲ. ಬೆಟ್ಟವನ್ನು ಮೇಲಿನಿಂದ ತಳದವರೆಗೆ ಕೊರೆದು ತೆಗೆದಿದ್ದರು. ಕೆಳಗೆ ಬೆಳ್ಳಗೆ ಹೊಳೆಯುವ ಹಂತಗಳಲ್ಲಿ ಹಳದಿ ಯಂತ್ರಗಳು ತೆವಳುತ್ತಿದ್ದವು. ಕಣ್ಣಿಗೆ ಅಡ್ಡವಾಗುವಂಥದ್ದು ಒಂದೂ ಉಳಿದಿರಲಿಲ್ಲ. ಕಡಲು ಈ ತುದಿಯಿಂದ ಆ ತುದಿಯವರೆಗೆ ಇಡಿಯಾಗಿ ಕಾಣುತ್ತಿತ್ತು.

ಅವಳು ಬೇಲಿ ಹಿಡಿದು ನಿಂತಳು. ನಾವು ತಪ್ಪು ದಾರಿಗೆ ಬಂದಿದ್ದೇವೆ, ಕಮಾನು ಇನ್ನೂ ಎಡಕ್ಕೆ ಎಂದಳು. ಎಡಕ್ಕೆ ಹೋದೆವು. ಬೇಲಿ ಮುಗಿಯಲಿಲ್ಲ. ಕಾವಲಿನವನೊಬ್ಬ ಶೆಡ್ಡಿನಿಂದ ಹೊರಬಂದು ಕೈ ಬೀಸಿದ. ಅರಬ್ಬಿಯಲ್ಲಿ ಅವರಿಬ್ಬರ ಮಾತು. ಕುವೈತಿನ ಇಷ್ಟು ವರ್ಷಗಳಲ್ಲಿ ನನಗೆ ಅಷ್ಟು ಅರ್ಥವಾಗುತ್ತದೆ.

“ಯಾರದ್ದು ಈ ಜಾಗ?” ಎಂದು ಕೇಳಿದಳು.

ಅವನು ಹೇಳಿದ್ದು ಅವಳದೇ ಮನೆತನದ ಹೆಸರು. ಮೇಲಿನ ಊರಿನವರು, ಅಲ್ಲಿ ಕಾಣುವ ಹೆಂಚಿನ ಮನೆಯವರು ಎಂದು ಬೆರಳಿನಿಂದ ತೋರಿಸಿದ. ಅವಳ ಮುಖ ನೋಡಿ, ನೀರು ಬೇಕೇ ಎಂದೂ ಕೇಳಿದ.

ಹತ್ತಿ ಬರುವಾಗ ಅವಳು ನನಗಿಂತ ಮುಂದೆ ನಡೆದಳು. ನಾನು ಕೈಹಿಡಿಯಹೋದರೆ ಬಿಡಿಸಿಕೊಂಡಳು. ತಮ್ಮ ಅಂಗಳದಲ್ಲಿ ಕಾಯುತ್ತಿದ್ದ.

“ತಾಯಿ ಸತ್ತಾಗ ನೀನೇ ಹೇಳಿದೆ, ಎಲ್ಲ ನೀನೇ ನೋಡಿಕೋ ಅಂತ,” ಎಂದು ಅವನೇ ಶುರು ಮಾಡಿದ.

“ನೋಡಿಕೋ ಅಂದೆ. ಕಡಿದುಹಾಕು ಅನ್ನಲಿಲ್ಲ.”

“ದೇಶದ ಬ್ಯಾಂಕುಗಳೆಲ್ಲ ಮುಳುಗಿದ ವರ್ಷ ನೀನಿಲ್ಲಿರಲಿಲ್ಲ. ಅಕ್ಕಪಕ್ಕದವರೆಲ್ಲ ಜಾಗವನ್ನು ಕಲ್ಲುಗಣಿಗೆ ಗುತ್ತಿಗೆ ಕೊಟ್ಟರು, ನಾನೂ ಕೊಟ್ಟೆ. ನೀನು ಅಲ್ಲಿ ಕೂತು ನೆನಪು ತಿನ್ನುತ್ತೀ. ನಾವು ರೊಟ್ಟಿ ತಿನ್ನಬೇಕು.”

“ಫೋನಿನಲ್ಲಿ ಪ್ರತಿಸಲ ಕೇಳುತ್ತಿದ್ದೆನಲ್ಲ, ಕಮಾನು ಹೇಗಿದೆ ಅಂತ.”

“ಚೆನ್ನಾಗಿದೆ ಎಂದರೆ ನಿನಗೆ ಖುಷಿಯಾಗುತ್ತಿತ್ತು. ಹೇಳಿದೆ. ನನಗೇನು ಖರ್ಚು?”

ಅವನ ಹೆಂಡತಿ ಊಟದ ತಟ್ಟೆಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಆ ಊಟವನ್ನು ನಾವು ಮಾಡಲಿಲ್ಲ. ಟ್ಯಾಕ್ಸಿ ಕರೆಸಿ ಬೈರೂತಿಗೆ ಇಳಿದೆವು. ಉಳಿದ ದಿನಗಳನ್ನು ಹೋಟೆಲಿನಲ್ಲಿ ಕಳೆದೆವು. ಸಮುದ್ರದ ಕಡೆಯ ಪರದೆಯನ್ನು ಅವಳು ತೆರೆಯಗೊಡಲಿಲ್ಲ. ಸಮಾಧಾನವಾಗಲೆಂದು ನಾನು ನಮ್ಮ ಗುಡ್ಡಗಳ ಕಥೆ ಹೇಳಿದೆ, ಲಾರಿಗಳ ಸಾಲು, ಕೆಂಪಾಗಿ ಹರಿಯುವ ಹಳ್ಳ, ಎಲ್ಲವನ್ನೂ. ಕೇಳಿಸಿಕೊಂಡು ಅವಳು ಹೇಳಿದ್ದು ಇಷ್ಟು: “ನಿನಗೆ ಎಲೆ ನೋಡಿದಾಗಲೇ ಗೊತ್ತಾಯಿತು, ಅಲ್ಲವೇ?”

ಕುವೈತಿಗೆ ಬಂದ ಮೇಲೆ ಅವಳು ಬದಲಾದಳು. ಚಳಿ ಬಂತು, ಹಾರ್ನ್ ಕೇಳಲಿಲ್ಲ. ನಾನೇ ಕೇಳಿದೆ. ಮೊಣಕಾಲು ನೋವು ಎಂದಳು. ಎಕ್ಸ್‌ರೇ ತೆಗೆಯಲೇ ಎಂದರೆ ಬೇಡ ಎಂದಳು. ಒಂದು ಮಧ್ಯಾಹ್ನ ಟೀ ಕೋಣೆಯಲ್ಲಿ ಹೊಸದಾಗಿ ಬಂದ ಮಲಯಾಳಿ ನರ್ಸಿಗೆ ಊರಿನ ವಿಷಯ ಹೇಳುತ್ತಿದ್ದಳು: “ಮನೆಯಿಂದ ಇಳಿದರೆ ಗುಹೆ, ಆಮೇಲೆ ಕಮಾನು ಬರುತ್ತದೆ.” ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮಾತು ನಿಂತಿತು. ನರ್ಸ್ ನಮ್ಮಿಬ್ಬರ ಮುಖ ನೋಡಿದಳು. ನಾನು ಟೀ ಕುಡಿಯದೇ ತಿರುಗಿ ಬಂದೆ. ಮಾರನೆಯ ದಿನದಿಂದ ಅವಳು ನನ್ನ ನಮಸ್ಕಾರಕ್ಕೂ ಉತ್ತರಿಸಲಿಲ್ಲ.

ಬೇಸಿಗೆಯ ಹೊತ್ತಿಗೆ ಹವಲ್ಲಿಯ ಇನ್ನೊಂದು ಕ್ಲಿನಿಕ್ಕಿಗೆ ಹೋದಳು. ಎಲ್ಲರಿಗೂ ಸಿಹಿ ಹಂಚಿ ಹೋದಳಂತೆ. ನಾನು ಆ ದಿನ ರಜೆಯಲ್ಲಿದ್ದೆ, ಅದು ಅವಳಿಗೆ ತಿಳಿದೇ ಇತ್ತು. ನನ್ನ ಪಾಲಿನ ಡಬ್ಬಿಯನ್ನು ಮೇಜಿನ ಮೇಲಿಡಲು ರಿಸೆಪ್ಷನ್ ಹುಡುಗಿಗೆ ನೆನಪಾದದ್ದು ಮೂರನೇ ದಿನ.

“ಆಕಿದು ಏನು ತಪ್ಪು ಬಿಡು. ನಿನ್ನ ಕಂಡ್ರೆ ಅದೇ ನೆಪ್ಪಾಗ್ತೈತಿ,” ಅಂದರು ಗಂಡ.

“ನಾನೇನು ಹೋಗ್ಬೇಕಂತ ಕುಣಿದಿದ್ನಾ? ಆಕೀನೇ ಕರದಿದ್ದು.”

“ಅದಕ್ಕೇ ನೋಡು,” ಅಂದರು ಅವರು, ಟಿವಿಯಿಂದ ಕಣ್ಣು ತೆಗೆಯದೆ.

ಅದಕ್ಕೇ ಎಂದರೆ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಈಗ ಶುಕ್ರವಾರಗಳಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತೇನೆ.