ಕೋಡಿಯ ಮೇಲೆ ಒಂದು ಗೇಣು

ಬೆಳಿಗ್ಗೆ ಅಕ್ಕನ ಮಗ ರಮೇಶ ಬಂದು, "ಮಾವ, ಖಾಲಿ ಚೀಲ ಇದ್ರೆ ಕೊಡು. ಕೆರೆ ತುಂಬ್ಕಂಡದೆ, ಕೋಡಿ ಮ್ಯಾಲೆ ಒಂದು ಗೇಣು ಏರಿಸ್ಬುಡಣ" ಎಂದ. ಅಟ್ಟದಿಂದ ಗೊಬ್ಬರದ ಚೀಲ ಎಳೆದೆ ನೋಡಿ, ಆ ಮುಗ್ಗಲು ವಾಸನೆಗೆ ಕೈ ಅಲ್ಲೇ ನಿಂತಿತು.

ಹುಣಸೂರು ಕಡೆಯ ನೆಲ ನಿಮಗೆ ಗೊತ್ತಲ್ಲ, ಎಲ್ಲಿ ನಿಂತರೂ ಒಂದು ಏರು, ಒಂದು ಇಳಿಜಾರು. ದಿಣ್ಣೆಯ ಹೊಗೆಸೊಪ್ಪಿನ ಹೊಲಗಳ ನೀರೆಲ್ಲ ನಮ್ಮ ಕೆರೆಗೆ. ತುಂಬಿ ಹೆಚ್ಚಾದದ್ದು ಕೋಡಿಯ ಕಲ್ಲುಕಟ್ಟೆ ದಾಟಿ ಕೆಳಗಿನ ಕೆರೆಗೆ, ಅಲ್ಲಿಂದ ಲಕ್ಷ್ಮಣತೀರ್ಥಕ್ಕೆ. ಹಾಗೆ ಹರಿದುಹೋಗುವ ನೀರು ಕಂಡರೆ ನಮಗೆ ಹೊಟ್ಟೆ ಉರಿ. ಇಪ್ಪತ್ತೈದರ ವಯಸ್ಸಿನಲ್ಲಿ ನನಗೂ ಉರಿಯಿತು. ಬೇಸಿಗೆ ಭತ್ತದ ಆಸೆಗೆ, ಯಾರಿಗೂ ಹೇಳದೆ, ಹನ್ನೊಂದು ಚೀಲ ಮಣ್ಣು ತುಂಬಿ ಕೋಡಿಯ ಮೇಲೆ ಜೋಡಿಸಿದೆ. ಮಹಾ ಬುದ್ಧಿವಂತನೆಂದು ಬೀಗಿದ್ದೂ ಉಂಟು.

ಆಮೇಲೆ ಮೂರು ದಿನ ಮಳೆ ಬಿಡಲಿಲ್ಲ. ಹರಿದುಹೋಗಬೇಕಿದ್ದ ನೀರೆಲ್ಲ ಕೆರೆಯ ಮಣ್ಣಿನ ಏರಿಗೆ ಒತ್ತಿ ನಿಂತಿತು.

ನಾಲ್ಕನೆಯ ಬೆಳಿಗ್ಗೆ, ಕೆರೆಯ ನೀರು ನೋಡಿಕೊಳ್ಳುತ್ತಿದ್ದ ನೀರುಗಂಟಿ ಸಿದ್ದಯ್ಯನವರು ಏರಿಯ ಹಿಂಬದಿಯಲ್ಲಿ ಬರಿಗಾಲಲ್ಲಿ ಮೆಲ್ಲಗೆ ನಡೆಯುತ್ತಿದ್ದರು. ಒಂದು ಕಡೆ ನೆಲ ಮೆತ್ತಗೆ ಕುಸಿಯಿತು. ಕೂತು, ಅಲ್ಲಿ ಜಿನುಗುತ್ತಿದ್ದ ನೀರನ್ನು ಬಿಳಿ ತಟ್ಟೆಗೆ ಹಿಡಿದರು.

"ತಿಳಿನೀರು ಬಂದ್ರೆ ಏರಿ ಬೆವರ್ತಾದೆ ಅಷ್ಟೇಯ. ಕೆಂಪಗೆ ಬಂದ್ರೆ ಒಳಗಿನ ಮಣ್ಣು ಕೊಚ್ಕಂಡು ಬತ್ತಾದೆ ಅಂತ."

ಏರಿ ನೋಡಲು ಬಂದಿದ್ದ ಊರವರೆಲ್ಲ ಬಗ್ಗಿದೆವು. ತಟ್ಟೆಯ ತಳದಲ್ಲಿ ಕೆಮ್ಮಣ್ಣಿನ ಗೆರೆ ಕೂತಿತ್ತು.

ಏರಿಯ ಕೆಳಗಿನ ಮೊದಲ ಮನೆ ನನ್ನ ಅಕ್ಕನದು. ಹಸಿ ಬಾಣಂತಿ, ಮಗುವಿಗೆ ಒಂಬತ್ತು ದಿನ.

"ಕೋಡಿಗೆ ಚೀಲ ಇಟ್ಟೋರು ಯಾರ್ಲಾ?" ಸಿದ್ದಯ್ಯನವರು ಕೂಗಿದರು. ನಾಲ್ಕು ಜನ ಅಕ್ಕನ ಮನೆಗೆ ಓಡಿದರು, ನಾನು ಕೋಡಿಗೆ ಓಡಿದೆ. ಮೊಣಕಾಲು ಮುಳುಗುವ ಸೆಳವಿನಲ್ಲಿ ನಿಂತು ಒಂದೊಂದೇ ಚೀಲ ಎಳೆದು ದಡಕ್ಕೆ ಹಾಕಿದೆ. ಸಂಜೆಯ ಹೊತ್ತಿಗೆ ಕೆರೆ ಒಂದು ಗೇಣು ಇಳಿಯಿತು, ತಟ್ಟೆಗೆ ತಿಳಿನೀರು ಬಂತು. ಊರವರು ನನ್ನ ಬೆನ್ನು ತಟ್ಟಿದರು. ನಾಚಿಕೆಗೆಟ್ಟವನು, ತಟ್ಟಿಸಿಕೊಂಡೆ.

ಮರುದಿನ ನಮ್ಮ ಜಗುಲಿಯ ಮೇಲೆ ಹನ್ನೊಂದು ಚೀಲ, ತೊಳೆದು ಮಡಿಸಿ ಇಟ್ಟಿದ್ದವು. ಒಂದೊಂದರ ಮೇಲೂ ಅಪ್ಪ ಬಣ್ಣದಲ್ಲಿ ಬರೆಸಿದ್ದ ನಮ್ಮ ಮನೆಯ ಹೆಸರು. ಸಿದ್ದಯ್ಯನವರು ಸಾಯುವವರೆಗೂ ಆ ಬಗ್ಗೆ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ.

"ಏನ್ ಮಾವ, ಚೀಲ ಇಲ್ವಾ?"

"ಅವೆ ಕಣೋ. ಕೊಡಕಿಲ್ಲ." ಎಲ್ಲವನ್ನೂ ಹೇಳಿದೆ. "ಆ ಒಂಬತ್ತು ದಿನದ ಮಗ ನೀನೇ ಕಣೋ."

ರಮೇಶ ಬೈದಿದ್ದರೆ ಹಗುರಾಗುತ್ತಿತ್ತು. ಅವನು ಅಡುಗೆಮನೆಗೆ ಹೋಗಿ ಬಿಳಿ ತಟ್ಟೆಯೊಂದನ್ನು ಹುಡುಕಿ ತಂದ.

"ನಡಿ ಮಾವ, ಏರಿ ನೋಡ್ಕಂಡು ಬರಣ" ಎಂದ.