ಟವೆಲ್ಲಿನ ಅಡಿಯಲ್ಲಿ ಹೇಳಿದ ಸಂಬಳ

ತಿಪಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ನನ್ನನ್ನು ಊರಿನವರು ಮೇಷ್ಟ್ರೇ ಎಂದು ಕರೆದು ಕುರ್ಚಿ ಕೊಡುತ್ತಿದ್ದರು. ಕುರ್ಚಿ ಪುಕ್ಕಟೆ. ಹೆಣ್ಣು ಕೊಡುವ ಮಾತು ಬಂದಾಗ ಮಾತ್ರ ಸಂಬಳ ಕೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ನನಗೆ ಬರುತ್ತಿದ್ದುದು ತಿಂಗಳಿಗೆ ಏಳುನೂರು ರೂಪಾಯಿ, ಅದೂ ಆಡಳಿತ ಮಂಡಳಿಯವರಿಗೆ ನೆನಪಾದಾಗ.

ತುರುವೇಕೆರೆ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಗೆ ಹೆಣ್ಣು ನೋಡಲು ಹೋದೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ಕೊಟ್ಟು, ನನ್ನ ಮುಖವನ್ನು ನೇರವಾಗಿ ನೋಡಿ ಒಳಗೆ ಹೋದಳು. ನನಗೆ ಅಷ್ಟೇ ಸಾಕಾಯಿತು. ಈ ಸಂಬಂಧ ತಪ್ಪಿಹೋಗಬಾರದು ಎಂದು ಮನಸ್ಸು ಹಟ ಹಿಡಿಯಿತು.

ನೆಂಟರ ಮುಂದೆ ಸಂಬಳ ಕೇಳುವುದು ಮರ್ಯಾದೆಯಲ್ಲವೆಂದು ಅವಳ ತಂದೆ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಮೇಲೆ ಹಾಸಿ, ಅದರಡಿ ತಮ್ಮ ಬೆರಳು ಚಾಚಿದರು. ಎತ್ತಿನ ವ್ಯಾಪಾರದಲ್ಲಿ ಹಾಗೆ ಬೆರಳು ಹಿಡಿದೇ ಬೆಲೆ ಹೇಳುತ್ತಾರೆ. ಇಲ್ಲಿ ಎತ್ತೂ ನಾನೇ, ಬೆಲೆ ಹೇಳಬೇಕಾದವನೂ ನಾನೇ. ಐದು ಬೆರಳು ಹಿಡಿದು ಬಿಟ್ಟೆ, ಮತ್ತೆ ಎರಡು ಹಿಡಿದೆ.

ಅವರ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, “ಮೈಸೂರು ಪಾಕ್ ತಗಂಬಾರೇ. ಮೇಷ್ಟ್ರ ಸಂಬ್ಳ ಅಂದ್ರೆ ತೋಟ ಇದ್ದಂಗೆ ಕಣೇ, ಮರ ಹತ್ತೋ ಗೋಜಿಲ್ಲ” ಎಂದರು.

ಮೈಸೂರು ಪಾಕ್ ಬಾಯಿಗಿಟ್ಟಾಗ ನನಗೆ ಹೊಳೆಯಿತು. ನನ್ನ ಲೆಕ್ಕದಲ್ಲಿ ಬೆರಳೊಂದಕ್ಕೆ ನೂರು, ಕೊಬ್ಬರಿ ಮಂಡಿಯವರ ಲೆಕ್ಕದಲ್ಲಿ ಸಾವಿರ. ತೆಪ್ಪಗೆ ತಿಂದು ಎದ್ದು ಬರಬಹುದಿತ್ತು. ಎರಡನೇ ತುಂಡನ್ನೂ ಮುಗಿಸಿ ಆಮೇಲೆ ಬಾಯಿ ಬಿಟ್ಟೆ. ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕ.

“ಯಜಮಾನ್ರೇ, ಏಳು ಸಾವಿರ ಅಲ್ಲ, ಏಳುನೂರು.”

“ನೂರಾ? ನಮ್ಮ ಕಾಯಿ ಸುಲಿಯೋರೇ ವಾಸಿ ಕಣಪ್ಪ” ಎಂದರು. ಒಂದೇ ಉಸಿರಿನಲ್ಲಿ ಮೇಷ್ಟ್ರು ಹೋಗಿ ಬರೀ ಕಣಪ್ಪ ಆಗಿದ್ದೆ.

ಬಾಗಿಲ ಹಿಂದಿನಿಂದ ಹುಡುಗಿ ಕೇಳಿದಳು, “ಅದಾದ್ರೂ ತಿಂಗ್ಳು ತಿಂಗ್ಳು ಬತ್ತೈತಾ?”

ನನ್ನ ಸಂಬಳದ ಬಗ್ಗೆ ಯಾರಾದರೂ ಸರಿಯಾದ ಪ್ರಶ್ನೆ ಕೇಳಿದ್ದು ಅದೇ ಮೊದಲು. “ಎರಡು ತಿಂಗಳಿಂದ ಬಂದಿಲ್ಲ” ಎಂದೆ.

“ಹಿಂಗೆ ಇದ್ದದ್ದು ಇದ್ದಂಗೆ ಹೇಳೋ ಇವ್ನು ಮಂಡೀಲಿ ಕೂತ್ರೆ ವಾರಕ್ಕೇ ಬಾಗ್ಲು ಹಾಕ್ಬೇಕು” ಎಂದರು ತಂದೆ.

“ಮಂಡೀಲಿ ಕೂರೋರು ಈ ಮನೇಲಿ ಆಗ್ಲೇ ಅವ್ರೆ, ಸಾಕು ಬುಡಪ್ಪ” ಎಂದಳು ಅವಳು. ಆಮೇಲೆ ನನಗೆ, “ಬರ್ದೇ ಇದ್ದ ತಿಂಗ್ಳು ಬಂದಿಲ್ಲ ಅಂತ ಹೇಳ್ಬೇಕು, ಅಷ್ಟೆ ಕಣ್ರೀ.”

ಮಾವನವರು ಮುಖ ಗಂಟಿಕ್ಕಿಕೊಂಡೇ ಧಾರೆ ಎರೆದರು. ಸಂಬಳದ ದಿನ ನಾನು ಕೊಟ್ಟ ನೋಟುಗಳನ್ನು ಅವಳು ಬೆರಳಿಗೆ ಎಂಜಲು ಹಚ್ಚಿ ಎರಡೆರಡು ಸಲ ಎಣಿಸುತ್ತಿದ್ದಳು, ಮಂಡಿಯವರ ಮಗಳಲ್ಲವೇ. ಬರದ ತಿಂಗಳು ಬರಲಿಲ್ಲವೆಂದೇ ಹೇಳುತ್ತಿದ್ದೆ. ಎರಡು ಸಲ ಮಾತ್ರ ಹೇಳಲು ನಾಚಿಕೆಯಾಗಿ, ಪೋಸ್ಟಾಫೀಸಿನಲ್ಲಿದ್ದ ಗೆಳೆಯನ ಹತ್ತಿರ ಸಾಲ ತಂದು ಸಂಬಳವೆಂದು ಅವಳ ಕೈಗಿಟ್ಟೆ.

ಆ ಎರಡು ಸಲವೂ ಅವಳು ಎಣಿಸಲಿಲ್ಲ.