ಅಡಿಕೆ ಕಚ್ಚುವ ಹಲ್ಲಿಗೆ ರೂಟ್ ಕೆನಾಲ್

ನಿಜ ಹೇಳಿ, ಹಲ್ಲುನೋವು ಹೋದ ಕೂಡಲೇ ಡಾಕ್ಟರ ಮಾತನ್ನೂ ಮರೆತವರಲ್ಲಿ ನೀವೂ ಒಬ್ಬರಲ್ಲವೇ?

2004ರಲ್ಲಿ ನಾನು ಕೊಪ್ಪದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತಿದ್ದೆ. ಒಂದು ಬೆಳಿಗ್ಗೆ ನರಸಿಂಹರಾಜಪುರದಿಂದ ಶೇಷಣ್ಣ ಎಂಬವರು ಬಲಗೆನ್ನೆ ಊದಿಸಿಕೊಂಡು ಬಂದರು. ಅಡಿಕೆ ಮಂಡಿಯೊಂದಕ್ಕೆ ಮಾಲು ಪರೀಕ್ಷಿಸಿ ಖರೀದಿಸುವುದು ಅವರ ಕೆಲಸ. ಚೀಲದಿಂದ ಒಂದು ಅಡಿಕೆ ತೆಗೆದು ದವಡೆಯಲ್ಲಿ ಕಚ್ಚಿದರೆ ಸಾಕು, ಎಷ್ಟು ಒಣಗಿದೆ ಎಂದು ಹೇಳಿಬಿಡುತ್ತಿದ್ದರು. ಎಡಗಡೆಯ ದವಡೆ ಹಲ್ಲುಗಳು ಮೊದಲೇ ಹೋಗಿದ್ದವು. ಬಲಗಡೆಯದೂ ಹೋದರೆ ಅಡಿಕೆ ಹಾಗಿರಲಿ, ಅನ್ನ ಅಗಿಯುವುದೂ ಕಷ್ಟ.

ರೂಟ್ ಕೆನಾಲ್ ಮಾಡಬೇಕು ಎಂದೆ.

"ರೂಟ್ ಅಂದ್ರೆ ಬೇರಲ್ವಾ? ಬೇರನ್ನೇ ಕಿತ್ತ ಮೇಲೆ ಹಲ್ಲು ಹೆಂಗೆ ನಿಲ್ತದೆ ಡಾಕ್ಟ್ರಮ್ಮ?"

ಎಕ್ಸ್‌ರೇ ತೋರಿಸಿದೆ. ಬೇರು ಅಲ್ಲೇ ಇರುತ್ತದೆ. ಅದರೊಳಗಿನ ಸಣ್ಣ ಕಾಲುವೆಯಲ್ಲಿ ನರ, ರಕ್ತನಾಳಗಳಿವೆ. ಹುಳುಕು ಅಲ್ಲಿಗೆ ಮುಟ್ಟಿ ಕೀವಾಗಿದ್ದಕ್ಕೇ ಈ ನೋವು. ಸೂಜಿಯಂಥ ಫೈಲ್‌ಗಳಿಂದ ಕಾಲುವೆ ಶುಚಿ ಮಾಡಿ, ರಬ್ಬರಿನಂಥ ವಸ್ತು ತುಂಬಿ, ಹಲ್ಲಿನ ಮೇಲೆ ಕ್ಯಾಪ್ ಕೂರಿಸುತ್ತೇವೆ.

"ಹೊರಗೆ ಚಂದ, ಒಳಗೆ ಕೊಳೆ. ಇಂಥ ಮಾಲನ್ನ ನಾನು ಆಚೆ ಹಾಕ್ತೀನಿ."

"ನಾನು ಇಟ್ಕೊಳ್ತೀನಿ. ಬಾಯಿ ತೆಗೀರಿ."

ಅಂದು ಕಾಲುವೆ ಶುಚಿ ಮಾಡಿ, ತಾತ್ಕಾಲಿಕ ಫಿಲ್ಲಿಂಗ್ ಹಾಕಿ, ಕ್ಯಾಪ್ ಆಗುವವರೆಗೆ ಆ ಕಡೆ ಗಟ್ಟಿ ಪದಾರ್ಥ ಕಚ್ಚಬಾರದೆಂದು ಹೇಳಿ ಕಳಿಸಿದೆ. ಮುಂದಿನ ವಾರ ಬಂದಾಗ ಫಿಲ್ಲಿಂಗ್ ಇರಲಿಲ್ಲ. ಹಲ್ಲಿನ ಒಂದು ಮೂಲೆಯೂ ಇರಲಿಲ್ಲ.

"ಎಂತ ಮಾಡ್ಕೊಂಡ್ರಿ ಮಾರಾಯ್ರೆ?"

"ನೋವು ಪೂರಾ ಹೋಗಿತ್ತು. ಸರಿ ಆಯ್ತೋ ಇಲ್ವೋ ಅಂತ ಒಂದೇ ಒಂದು ಅಡಿಕೆ ಕಚ್ಚಿ ನೋಡ್ದೆ."

ಬಿರುಕು ಬೇರಿಗೆ ಇಳಿದಿದ್ದರೆ ಕೀಳುವುದೊಂದೇ ದಾರಿ. ವಸಡಿನ ಸುತ್ತ ಪರೀಕ್ಷಿಸಿ, ಮತ್ತೆ ಎಕ್ಸ್‌ರೇ ತೆಗೆಯುವಷ್ಟು ಹೊತ್ತೂ ಶೇಷಣ್ಣ ಕುರ್ಚಿಯ ಕೈ ಬಿಡಲಿಲ್ಲ. ಪುಣ್ಯಕ್ಕೆ ಬಿರುಕು ಬೇರಿಗೆ ಇಳಿಯದೆ ವಸಡಿಗಿಂತ ಮೇಲೇ ನಿಂತಿತ್ತು. ಕಾಲುವೆ ತುಂಬಿ, ಮುರಿದ ಮೂಲೆ ಕಟ್ಟಿ, ಕೆಲವು ದಿನಗಳ ನಂತರ ಕ್ಯಾಪ್ ಹಾಕಿದೆ.

ನೋವು ನಿಂತರೆ ಚಿಕಿತ್ಸೆ ಮುಗಿದಂತಲ್ಲ ಎಂದು ಅಂದಿನಿಂದ ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳತೊಡಗಿದೆ.

ಕ್ಯಾಪ್ ಹಾಕಿದ ದಿನ ಕನ್ನಡಿ ಕೊಟ್ಟೆ. ಅವರು ನಾಲಿಗೆಯಲ್ಲಿ ಹಲ್ಲನ್ನು ಸವರಿ ನೋಡಿ, ಮೆಲ್ಲಗೆ ಜೇಬಿಗೆ ಕೈ ಹಾಕಿದರು. ಹೊರಬಂದದ್ದು ಅಡಿಕೆ. ನಾನು ಕೈ ಹಿಡಿದೆ.

"ಇನ್ನು ಮೇಲೆ ಅಡಕತ್ತರಿಯಲ್ಲಿ ಸೀಳಿ ನೋಡಿ. ಇದರಲ್ಲಿ ಕಚ್ಚಬೇಡಿ."

ಅಡಿಕೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾ ಶೇಷಣ್ಣ ಹೇಳಿದರು: "ಮಾಲು ಕೊಟ್ಟವರೇ ಕಚ್ಚಿ ನೋಡಬೇಡ ಅಂದ್ರೆ, ನಮ್ಮ ಮಂಡೀಲಿ ಅನುಮಾನ ಜಾಸ್ತಿ ಡಾಕ್ಟ್ರಮ್ಮ."